ಚಪ್ಪರದ ದ್ರಾಕ್ಷಿ, ಪೀಪಾಯಿಯ ದ್ರಾಕ್ಷಿ

ಬೆಂಗಳೂರಿಗೆ ಮೂಡಲಲ್ಲಿ, ಹೊಸಕೋಟೆ ತಾಲೂಕಿಗೆ ಸೇರಿದ ಹೋಬಳಿ ಅನುಗೊಂಡನಹಳ್ಳಿ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದ ದಕ್ಷಿಣ ಪಿನಾಕಿನಿ ಈ ತಾಲೂಕನ್ನು ಹಾಯ್ದು ತಮಿಳುನಾಡಿಗೆ ಇಳಿಯುತ್ತದೆ. ಅನುಗೊಂಡನಹಳ್ಳಿಯಿಂದ ಹೊರಟು ಹೊಸಕೋಟೆ, ದೇವನಹಳ್ಳಿಗಳ ಮಾರ್ಗವಾಗಿ ಹೊಳೆಯ ಹುಟ್ಟಿನ ಕಡೆಗೆ ನಡೆದ ಪ್ರವಾಸಿಗನು ಒಂದೇ ದಿನದಲ್ಲಿ ಎರಡು ಭಂಡಾರಗಳನ್ನು ನೋಡಿ ಬರಬಹುದು. ಒಂದರಲ್ಲಿ ದ್ರಾಕ್ಷಾರಸ ಮಾಗುತ್ತಿದೆ. ಇನ್ನೊಂದರಲ್ಲಿ ಮಹನೀಯರೊಬ್ಬರ ನೆನಪು ಉಳಿದಿದೆ.

ಈ ಸೀಮೆ ಬಹುಕಾಲದಿಂದ ದ್ರಾಕ್ಷಿಗೆ ಹೆಸರಾದುದು. ಇಲ್ಲಿಯ ಮನೆಮಗಳೆಂದರೆ ‘ಬೆಂಗಳೂರು ಬ್ಲೂ’. ಕಲ್ಲುಕಂಬ ನೆಟ್ಟು ತಂತಿ ಬಿಗಿದ ಚಪ್ಪರದ ಮೇಲೆ ಹಬ್ಬಿ, ಕೆಳಗೆ ಕಡುನೀಲಿ ಗೊಂಚಲುಗಳನ್ನು ಇಳಿಬಿಡುವ ಬಳ್ಳಿ ಇದು. ತೊಗಲು ದಪ್ಪ, ಬೀಜ ಉಂಟು, ಹುಳಿ ತುಸು ಮುಂದು; ಆದರೆ ಬುಟ್ಟಿಯನ್ನು ಮನೆಯೊಳಗೆ ಇಟ್ಟೊಡನೆ ನಡುಮನೆಯೆಲ್ಲ ಘಮ್ಮೆನ್ನುವ ಆ ಕಂಪು ಬೇರೆ ದ್ರಾಕ್ಷಿಗೆ ಎಲ್ಲಿಂದ ಬರಬೇಕು? ಹವೆಯ ಹಿತದಿಂದ ವರ್ಷಕ್ಕೆ ಎರಡು ಫಸಲು ಕೊಡುವುದು ಇದರ ಇನ್ನೊಂದು ಗುಣ. ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದಕ್ಕೆ ದೊರೆತಿದೆ.

ದೇವನಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ದಾರಿಯಲ್ಲಿ ರಘುನಾಥಪುರ. ನಂದಿಯ ತಪ್ಪಲಿನ ಈ ಊರಿನಲ್ಲಿ ಗ್ರೋವರ್ ಸಂಸ್ಥೆಯ ತೋಟವೂ ವೈನ್ ತಯಾರಿಸುವ ಮನೆಯೂ ಇವೆ. ಕನ್ವಲ್ ಗ್ರೋವರ್ ಎಂಬ ಉದ್ಯಮಿ, ಫ್ರಾನ್ಸಿನ ಶಾಂಪೇನ್ ಪ್ರಾಂತದ ದ್ರಾಕ್ಷಿತಜ್ಞ ಜಾರ್ಜ್ ವೆಸ್ಸೆಲ್ ಅವರ ಸಲಹೆ ಪಡೆದು, 1988ರಲ್ಲಿ ಆರಂಭಿಸಿದ ಸಂಸ್ಥೆ ಇದು. 2012ರಲ್ಲಿ ನಾಸಿಕ ಕಡೆಯ ಸಂಸ್ಥೆಯೊಂದರೊಡನೆ ಕೂಡಿ ಗ್ರೋವರ್ ಜಂಪಾ ಎನಿಸಿತು. ಇಲ್ಲಿಯ ಬಳ್ಳಿಗಳು ಚಪ್ಪರಕ್ಕೆ ಏರುವುದಿಲ್ಲ. ಪಾಠಶಾಲೆಯ ಹುಡುಗರಂತೆ ಸಾಲುಹಿಡಿದು ತಂತಿಗಳಿಗೆ ಒರಗಿ ನಿಂತಿವೆ. ಹೆಸರುಗಳೂ ಪರದೇಶದವೇ: ಕ್ಯಾಬರ್ನೆ ಸೋವಿನ್ಯೋಂ, ಶಿರಾಜ್. ಒಳಗೆ ಬೆಳ್ಳಗೆ ಹೊಳೆಯುವ ಉಕ್ಕಿನ ತೊಟ್ಟಿಗಳು. ತಣ್ಣನೆಯ ನಸುಗತ್ತಲೆಯ ಕೋಣೆಯಲ್ಲಿ ಓಕ್ ಮರದ ಪೀಪಾಯಿಗಳು. ಹೊರಗಣ ಬಿಸಿಲಿನಿಂದ ಬಂದವನು ಅಲ್ಲಿ ತಾನಾಗಿಯೇ ಮೆಲುದನಿಯಲ್ಲಿ ಮಾತಾಡತೊಡಗುತ್ತಾನೆ.

ಈ ಸಂಸ್ಥೆಯ ಹೆಸರಿನಲ್ಲಿ ನೊರೆಯುಕ್ಕುವ ವೈನೂ ಪೇಟೆಗೆ ಬಂದಿದೆ. ಅದನ್ನು ಮಾಡುವ ಶಾಂಪೇನ್ ಕ್ರಮ ಸೋಜಿಗದ್ದು. ಒಮ್ಮೆ ಹುದುಗಿ ಸಿದ್ಧವಾದ ವೈನಿಗೆ ಮತ್ತೆ ಸಕ್ಕರೆಯನ್ನೂ ಈಸ್ಟನ್ನೂ ಬೆರೆಸಿ ಸೀಸೆಯಲ್ಲಿ ಬಿಗಿದಿಡುತ್ತಾರೆ. ಒಳಗೆ ಎರಡನೆಯ ಹುದುಗು ಹುಟ್ಟುತ್ತದೆ. ಹುಟ್ಟಿದ ಅನಿಲಕ್ಕೆ ಹೊರದಾರಿ ಇಲ್ಲ. ಒಂದು ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಸಾಕು, ಹೊರಗಿನ ಗಾಳಿಯ ಒತ್ತಡಕ್ಕಿಂತ ಐದಾರು ಪಟ್ಟು ಒತ್ತಡ ಒಳಗೆ ಕಟ್ಟಿಕೊಳ್ಳುತ್ತದೆ. ದಪ್ಪ ಗಾಜು ಬೇಕಾದುದು, ಬಿರಡೆಗೆ ತಂತಿಯ ಲಗಾಮು ಹಾಕುವುದು ಇದಕ್ಕಾಗಿಯೇ. ಬಳಿಕ ಸೀಸೆಗಳನ್ನು ತಲೆಕೆಳಗಾಗಿ ಓರೆಯಿಟ್ಟು, ದಿನದಿನವೂ ಇಷ್ಟಿಷ್ಟೇ ತಿರುಗಿಸಿ, ಗಸಿಯನ್ನೆಲ್ಲ ಕೊರಳಿಗೆ ಇಳಿಸುತ್ತಾರೆ. ಕೊರಳನ್ನು ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದರೆ ಗಸಿ ತಾನೇ ಹೊರಕ್ಕೆ ಚಿಮ್ಮುತ್ತದೆ. ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ತಾಳ್ಮೆಯ ಫಲ ಆ ಒಂದು ಕ್ಷಣದ ನೊರೆ. (ನೊರೆ ಎಂದಾಗ ಇನ್ನೊಂದು ನೆನಪಾಗುವುದು ತಪ್ಪದು. ಅದೇ ಪಿನಾಕಿನಿ ಕೆಳಗೆ ಬೆಂಗಳೂರಿನ ಕೊಳಚೆಯನ್ನು ಹೊತ್ತು, ಹೊಸೂರಿನ ಕೆಲವರಪಳ್ಳಿ ಅಣೆಕಟ್ಟೆಯ ಬಳಿ ಬೆಳ್ನೊರೆ ಕಾರಿದ್ದುಂಟು. ಅದಕ್ಕೆ ಯಾರ ತಾಳ್ಮೆಯೂ ಬೇಕಾಗಿಲ್ಲ.)

ವೈನಿನ ಹೆಸರೆತ್ತಿದರೆ ಮುಖ ಸಿಂಡರಿಸುವ ಮನೆಗಳಲ್ಲಿಯೂ ಬೀರುವಿನ ಮೂಲೆಯಲ್ಲಿ ದ್ರಾಕ್ಷಾರಿಷ್ಟದ ಸೀಸೆ ಇರುವುದುಂಟು. ಅದೂ ಹುದುಗಿದ ರಸವೇ. ಆ ಚರ್ಚೆ ಇಲ್ಲಿ ಬೇಡ. ಮನಸ್ಸನ್ನು ಕೊರೆಯುವುದು ಬೇರೊಂದು ಸಂಗತಿ. ಈ ಗೌರವದ ಸಾಲಿನಲ್ಲಿ ಬೆಂಗಳೂರು ಬ್ಲೂ ಎಲ್ಲಿ? ತಿನ್ನುವುದಕ್ಕೆ, ಪಾನಕಕ್ಕೆ, ಹೆಚ್ಚೆಂದರೆ ಅಗ್ಗದ ಸಿಹಿ ಪೋರ್ಟ್ ವೈನಿಗೆ ಅದು ಸಲ್ಲುತ್ತದೆ. ಅದರ ಗಂಧ ಒರಟೆಂದು ವೈನ್ ರಸಿಕರ ದೂರು. ಅಮೆರಿಕದ ಕಾಡುದ್ರಾಕ್ಷಿಯ ರಕ್ತ ಅದರಲ್ಲಿದೆ, ನಿಜ. ಆದರೆ 19ನೆಯ ಶತಮಾನದಲ್ಲಿ ಫಿಲಾಕ್ಸೆರಾ ಎಂಬ ಕೀಟ ಬೇರು ತಿಂದು ಫ್ರಾನ್ಸಿನ ತೋಟಗಳನ್ನು ಹಾಳುಗೆಡವಿದಾಗ, ಕುಲೀನ ಬಳ್ಳಿಗಳು ಬದುಕಿದ್ದು ಅದೇ ಅಮೆರಿಕದ ಬೇರಿಗೆ ಕಸಿಯಾಗಿ! ಒರಟು ಬಂಧುವಿನ ಹೆಗಲೇರಿ ಉಳಿದವರು ಅವನ ಮೈವಾಸನೆಗೆ ಮೂಗು ಮುಚ್ಚಿಕೊಂಡಂತಾಯಿತು.

ಬೆಟ್ಟದ ಮತ್ತೊಂದು ಮಗ್ಗುಲಿನಲ್ಲಿ ಮುದ್ದೇನಹಳ್ಳಿ. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮನೆ ಈಗ ವಸ್ತುಸಂಗ್ರಹಾಲಯ. 1955ರಲ್ಲಿ ಭಾರತರತ್ನ ಪಡೆದವರ ಬಿರುದು ಪದಕಗಳಿಗಿಂತ ಹೆಚ್ಚು ಹೊತ್ತು ನಿಲ್ಲಿಸಿಕೊಳ್ಳುವುವು ಅವರ ಕನ್ನಡಕ, ಬಟ್ಟಲು, ಪುಸ್ತಕಗಳು. ಅವರ ಹೆಸರಿನ ಚೀಟಿ ಅಚ್ಚುಹಾಕುತ್ತಿದ್ದ ಅಚ್ಚೂ ಅಲ್ಲಿದೆಯಂತೆ. 1962ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಇದೇ ಊರಿನಲ್ಲಿ.

ಒಬ್ಬರ ಹೆಸರಿನಚ್ಚು ಸಹ ಜೋಪಾನವಾಗಿರುವ ಈ ಸೀಮೆಯಲ್ಲಿ, ಚಪ್ಪರ ಕಟ್ಟಿದ ಒಕ್ಕಲುಮಕ್ಕಳ ಕುಡುಗೋಲು, ಬುಟ್ಟಿ, ಕಲ್ಲುಕಂಬಗಳಿಗೂ ಒಂದು ಅಂಕಣ ದೊರೆಯಬಾರದೇ? ಬೆಂಗಳೂರಿನ ಹಬ್ಬುವಿಕೆಯಲ್ಲಿ ತೋಟಗಳು ನಿವೇಶನಗಳಾಗುತ್ತಿವೆ. ಫಸಲಿನ ದಿನಗಳಲ್ಲಿ ಹೋದವರಿಗೆ ದಾರಿಬದಿಯಲ್ಲಿ ಬುಟ್ಟಿಗಳು ಇನ್ನೂ ಕಾಣಸಿಗುತ್ತವೆ. ಮಕ್ಕಳು ಕಾರಿನ ಕಿಟಕಿಯಿಂದ ಬೀಜ ಉಗುಳುತ್ತ ಬೆಂಗಳೂರು ಸೇರುವ ಹೊತ್ತಿಗೆ ಬೆರಳೆಲ್ಲ ನೀಲಿಯಾಗಿರುತ್ತದೆ.