ಮಾರ್ಜಾಲ ಶುಶ್ರೂಷೆ

ರೋಗಿಗಳಲ್ಲಿ ತಮ್ಮ ನೋವನ್ನು ಹತ್ತು ಮಂದಿಗೆ ಹೇಳಿಕೊಂಡೇ ಅರ್ಧ ಗುಣ ಕಾಣುವವರುಂಟು; ಬಾಯಿಬಿಡದೆ ಮೂಲೆ ಸೇರುವವರೂ ಉಂಟು. ಬೆಕ್ಕು ಈ ಎರಡನೆಯ ಗುಂಪಿಗೆ ಸೇರಿದುದು. ನೊಂದ ಬೆಕ್ಕು ಸಾಮಾನ್ಯವಾಗಿ ಮಂಚದ ಕೆಳಗೋ ಪೆಟ್ಟಿಗೆಯ ಹಿಂದೋ ಮುದುಡಿಕೊಳ್ಳುವುದು. ಸಂತೋಷದಲ್ಲಿ ಗುರುಗುಟ್ಟುವಂತೆ ಒಮ್ಮೊಮ್ಮೆ ನೋವಿನಲ್ಲಿಯೂ ಗುರುಗುಟ್ಟುವುದು. ಆದಕಾರಣ ಅದರ ಆರೈಕೆಗೆ ನಿಂತವರು ಕಿವಿಗಿಂತ ಕಣ್ಣನ್ನೇ ಹೆಚ್ಚಾಗಿ ನೆಚ್ಚಬೇಕು.

ಒಂದು ಮನೆಯಲ್ಲಿ ಹೆಣ್ಣು ಬೆಕ್ಕೊಂದಿತ್ತು. ಬೆಕ್ಕು ಗರ್ಭ ಧರಿಸಿರುವುದು ಸುಮಾರು 9 ವಾರ ಮಾತ್ರ. ಸಲಸಲವೂ ಮರಿಗಳಿಗೆ ನೆಲೆ ಹುಡುಕಿ ನೆರೆಹೊರೆಯವರ ಬಾಗಿಲು ತಟ್ಟಿ ದಣಿದ ಸೊಸೆಯು, ಕಡೆಗೆ ಅದನ್ನು ಪಶುವೈದ್ಯರಲ್ಲಿಗೆ ಒಯ್ದು ಗರ್ಭಕೋಶವನ್ನು ತೆಗೆಯಿಸಿದಳು. ಅತ್ತೆಯವರಿಗೆ ಇದು ಒಪ್ಪಿಗೆಯಾಗಲಿಲ್ಲ. “ತಾಯ್ತನ ಕಿತ್ತ ಪಾಪ ಯಾರ ತಲೆಗಮ್ಮಾ?” ಎಂದರು. “ಹೋದ ಸಲ ಗಂಡುಬೆಕ್ಕು ಮರಿಗಳನ್ನೆಲ್ಲ ಕೊಂದುಹಾಕಿತಲ್ಲ ಅತ್ತೆ, ಅದು ಯಾರ ತಲೆಗೆ?” ಎಂದಳು ಸೊಸೆ. ಮಾತು ಅಲ್ಲಿಗೆ ನಿಂತಿತು, ಮನಸ್ತಾಪ ನಿಲ್ಲಲಿಲ್ಲ.

ಸಂಜೆ ಬುಟ್ಟಿಯಲ್ಲಿ ಮರಳಿ ಬಂದ ಬೆಕ್ಕಿನ ಕಣ್ಣು ತೆರೆದಿದ್ದರೂ ನೋಟವಿರಲಿಲ್ಲ, ಕಾಲುಗಳು ತೊಡರುತ್ತಿದ್ದುವು. ಅರಿವಳಿಕೆಯ ಮದ್ದು ಇಳಿಯುವವರೆಗೆ ಆ ದೇಹವು ತನ್ನ ಬಿಸುಪನ್ನು ತಾನೇ ಕಾಯ್ದುಕೊಳ್ಳಲಾರದು. ಮೇಲಿರಿಸಿದರೆ ನೆಗೆದು ಬೀಳುವ ಭಯವಿದ್ದುದರಿಂದ, ಗಾಳಿಯಾಡದ ಕೋಣೆಯ ನೆಲದ ಮೇಲೆ ಹಳೆಯ ಸೀರೆಯನ್ನು ಮಡಿಸಿ ಹಾಸಿದರು. ಪೂರಾ ಎಚ್ಚರವಾಗುವ ಮುನ್ನ ಏನನ್ನು ಕುಡಿಸಿದರೂ ಉಸಿರ್ನಾಳಕ್ಕೆ ಇಳಿಯಬಹುದೆಂದು ವೈದ್ಯರು ಎಚ್ಚರಿಸಿದ್ದರು. ಮರುಕಗೊಂಡ ಮಗನು ಮನೆಯಲ್ಲಿದ್ದ ಪ್ಯಾರಸಿಟಮಾಲ್ ಗುಳಿಗೆಯನ್ನು ಅರೆದು ತಂದನು. ಸೊಸೆಯು ಅದನ್ನು ಅವನ ಕೈಯಿಂದ ಕಿತ್ತುಕೊಂಡಳು. ಮನುಷ್ಯರ ಈ ಮದ್ದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಸಾಲದು. ಅದು ರಕ್ತವನ್ನೇ ಕೆಡಿಸುವುದು. ಒಂದು ಗುಳಿಗೆಯೂ ಪ್ರಾಣಾಂತಿಕವಾಗಬಹುದು. ಪ್ರೀತಿಯಿದ್ದರೂ ತಿಳಿವಳಿಕೆ ಬೇರೆಯಾಗಿ ಬೇಕು.

ಕೊರಳಿಗೆ ತೊಡಿಸಿದ ಆಲಿಕೆಯಾಕಾರದ ಪಟ್ಟಿಗೆ, 16ನೆಯ ಶತಮಾನದ ಇಂಗ್ಲೆಂಡಿನ ರಾಣಿಯ ಕಾಲದ ಉಡುಪನ್ನು ನೆನೆದು, ಎಲಿಜಬೆತ್ ಕಾಲರ್ ಎಂದು ಹೆಸರು. ಬೆಕ್ಕಿನ ನಾಲಗೆಯ ಮೇಲೆ ಮುಳ್ಳುಗಳಂತಹ ಒರಟು ಮೊನೆಗಳಿರುವುದರಿಂದ, ನೆಕ್ಕಲು ಬಿಟ್ಟರೆ ಹೊಲಿಗೆ ಬಿಚ್ಚಿಹೋಗುವುದು. ರಾಣಿಯ ವೈಭವ ಬೆಕ್ಕಿಗೆ ಹಿಡಿಸಲಿಲ್ಲ. ಅದರಿಂದ ಪಾರಾಗಲು ಹಿಂದುಹಿಂದಕ್ಕೆ ನಡೆದು ಗೋಡೆಗೆ ತಾಗಿ ನಿಂತಿತು.

ಮರುದಿನವೂ ಅದು ಆಹಾರ ಮುಟ್ಟಲಿಲ್ಲ. ಬೆಕ್ಕು ಕೆಲವು ದಿನ ಉಪವಾಸವಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೆ ಅಪಾಯ. ಸೊಸೆಯು ವೈದ್ಯರಿಗೆ ತಿಳಿಸಿದಳು; ವಾಸನೆ ಏಳುವಂತೆ ಬೆಚ್ಚಗೆ ಮಾಡಿ ಕೊಡಿರೆಂದರು. ಹೊಸಿಲೊಳಗೆ ಮೀನು ಬಾರದ ಆ ಮನೆಗೆ, ಉಪ್ಪು ಈರುಳ್ಳಿ ಸೋಕದಂತೆ ನೆರೆಮನೆಯಲ್ಲಿ ಬೇಯಿಸಿ ಮುಳ್ಳು ತೆಗೆದ ಮೀನನ್ನು ಅಂದು ತಂದವರು ಅತ್ತೆಯವರೇ! ಮೂಗಿಗೆ ಸೆರಗನ್ನೊತ್ತಿ, ಬೆರಳ ತುದಿಯಿಂದ ಚೂರೊಂದನ್ನು ಚಾಚಿದರು. ಬೆಕ್ಕು ಮೂಸಿತು, ಬಹಳ ಹೊತ್ತಿನ ಮೇಲೆ ತಿಂದಿತು. ಪಾಪಪುಣ್ಯದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಶ್ರೀವೈಷ್ಣವರಲ್ಲಿ ಶರಣಾಗತಿಯನ್ನು ವಿವರಿಸಲು ಮಾರ್ಜಾಲಕಿಶೋರ ನ್ಯಾಯವೆಂಬುದುಂಟು. ಬೆಕ್ಕಿನ ಮರಿಯು ಯಾವ ಪ್ರಯತ್ನವನ್ನೂ ಮಾಡದೆ, ತಾಯಿ ಕಚ್ಚಿ ಒಯ್ದಲ್ಲಿಗೆ ನೆಮ್ಮದಿಯಾಗಿ ಸಾಗುವುದು. ಬೆಳೆದ ಬೆಕ್ಕು ಆ ನಂಬಿಕೆಯನ್ನು ಮರೆತಿರುತ್ತದೆ. ಗಾಯ ಮಾಡಿದವರೂ ಸೆರೆಯಿಟ್ಟವರೂ ಈ ಮನುಷ್ಯರೇ ಎಂದು ಅದಕ್ಕೆ ತೋರಿದರೆ ಆಶ್ಚರ್ಯವಿಲ್ಲ. ಹಿತಕ್ಕಾಗಿ ಮಾಡಿದೆವೆಂದು ಅದಕ್ಕೆ ತಿಳಿಯಹೇಳುವ ಭಾಷೆಯಿಲ್ಲ. ಒಪ್ಪಿಗೆ ಕೇಳಲಾಗದ ಜೀವಕ್ಕೆ ಕತ್ತಿ ತಾಗಿಸಿದವರು, ಅದು ವಾಸಿಯಾಗುವವರೆಗೆ ನಿದ್ದೆಗೆಟ್ಟು ಕಾಯುವುದು ಉಪಕಾರವಲ್ಲ, ಋಣ.

12ನೆಯ ದಿನ ಹೊಲಿಗೆ ಬಿಚ್ಚಿ ಕೊರಳ ಪಟ್ಟಿಯನ್ನು ಕಳಚಿದರು. ಬೆಕ್ಕು ಮೊದಲು ತನ್ನ ಹೊಟ್ಟೆಯನ್ನು ಸಾವಧಾನವಾಗಿ ನೆಕ್ಕಿಕೊಂಡಿತು. ಬಳಿಕ ಹಿತ್ತಿಲ ಗೋಡೆಯನ್ನೇರಿ, ಹಿಂದಿರುಗಿ ನೋಡದೆ ಹೊರಟುಹೋಯಿತು. ಅತ್ತೆಸೊಸೆಯರಿಬ್ಬರೂ ಬಾಗಿಲಲ್ಲಿ ನಿಂತು, ಅದು ಒಂದೇ ನೆಗೆತಕ್ಕೆ ಗೋಡೆಯನ್ನೇರಿತೆಂದು ಸಂತೋಷಪಟ್ಟರು.