ಕೈರೋ ನಗರದ ಹಬ್ಬದ ಪರಿಮಳ

ರಂಜಾನ್ ಮಾಸದ ಕೊನೆಯ ದಿನಗಳಲ್ಲಿ ಕೈರೋ ನಗರದ ಹಳೆಯ ಓಣಿಗಳನ್ನು ಹೊಕ್ಕವರನ್ನು ಮೊದಲು ಎದುರುಗೊಳ್ಳುವುದು ಕಾಯಿಸಿದ ತುಪ್ಪದ ಪರಿಮಳ. ಈದ್ ಹಬ್ಬಕ್ಕಾಗಿ ಮನೆಮನೆಯಲ್ಲಿ ‘ಕಹಕ್’ ಸಿದ್ಧವಾಗುವ ಕಾಲವದು. ಹಿಟ್ಟು ತುಪ್ಪಗಳಿಂದ ಬೇಯಿಸಿ, ಮೇಲೆ ಸಕ್ಕರೆಯ ಪುಡಿ ಉದುರಿಸಿದ ಈ ದುಂಡನೆಯ ಭಕ್ಷ್ಯವಿಲ್ಲದಿದ್ದರೆ ಈಜಿಪ್ಟಿನವರಿಗೆ ಹಬ್ಬವು ಹಬ್ಬವೆನಿಸದು.

ಇದು ಒಬ್ಬರ ಕೈಯಿಂದಾಗುವ ಕೆಲಸವಲ್ಲ. ಸಂಜೆ ಉಪವಾಸ ಮುಗಿದ ಮೇಲೆ ಅಜ್ಜಿ, ತಾಯಿ, ಸೊಸೆಯಂದಿರು, ಮಕ್ಕಳು, ನೆರೆಹೊರೆಯವರು ಒಂದೆಡೆ ಕಲೆಯುತ್ತಾರೆ. ಅಗಲವಾದ ಪಾತ್ರೆಯಲ್ಲಿ ಹರಡಿದ ಗೋದಿಹಿಟ್ಟಿನ ಮೇಲೆ ಬಿಸಿ ತುಪ್ಪ ಸುರಿದು, ಕಣಕಣಕ್ಕೂ ಜಿಡ್ಡು ಹತ್ತುವವರೆಗೆ ಅಂಗೈಗಳಿಂದ ಉಜ್ಜುತ್ತಾರೆ. ಗುಟ್ಟೆಲ್ಲ ಈ ಉಜ್ಜುವಿಕೆಯಲ್ಲಿಯೇ ಅಡಗಿದೆ. ತುಪ್ಪದ ಲೇಪ ಹತ್ತಿದ ಹಿಟ್ಟು ಜಿಗುಟಾಗದೆ, ಬೆಂದ ಮೇಲೆ ಬಾಯಲ್ಲಿಟ್ಟೊಡನೆ ಕರಗುತ್ತದೆ. ಹದ ಬಂದಿತೆಂದು ಹೇಳುವ ಅಧಿಕಾರ ಮನೆಯ ಹಿರಿಯಳದು. ಎಳ್ಳಿನೊಡನೆ, ಗ್ರಂಥಿಗೆ ಅಂಗಡಿಯಿಂದ ತಂದ, ‘ಕಹಕ್‌ನ ಪರಿಮಳ’ವೆಂದೇ ಹೆಸರಾದ ಮಸಾಲೆಯ ಪುಡಿ ಬೆರೆಯುತ್ತದೆ. ಒಳಗಿನ ಹೂರಣಕ್ಕೆ ಖರ್ಜೂರ, ಅಕ್ರೋಟು, ಇಲ್ಲವೆ ಜೇನು, ತುಪ್ಪ, ಹಿಟ್ಟುಗಳನ್ನು ಕಾಯಿಸಿ ಮಾಡಿದ ಪಾಕ. ಹಲ್ಲುಳ್ಳ ಪುಟ್ಟ ಚಿಮಟದಿಂದ ಮೇಲ್ಮೈಯಲ್ಲಿ ಚಿತ್ತಾರ ಚಿವುಟುವ ಕೆಲಸಕ್ಕೆ ಮಕ್ಕಳ ನಡುವೆ ಪೈಪೋಟಿ.

ಮನೆಗಳಲ್ಲಿ ಬೇಯಿಸುವ ಸೌಕರ್ಯವಿಲ್ಲದ ಕಾಲದಲ್ಲಿ ಈ ತಟ್ಟೆಗಳೆಲ್ಲ ತಲೆಯ ಮೇಲೇರಿ ಬೀದಿಯ ರೊಟ್ಟಿಭಟ್ಟಿಗೆ ಹೋಗುತ್ತಿದ್ದುವು. ಸರದಿಗಾಗಿ ಕಾಯುವ ಹೊತ್ತಿನಲ್ಲಿ ಇಡೀ ಬೀದಿಯ ಸುಖದುಃಖಗಳ ವಿನಿಮಯವಾಗುತ್ತಿತ್ತು.

ಈ ಭಕ್ಷ್ಯದ ಹಿಂದೆ ದೀರ್ಘ ಇತಿಹಾಸವಿದೆ. 969ರಿಂದ 1171ರವರೆಗೆ ಈಜಿಪ್ಟನ್ನು ಆಳಿದ ಫಾತಿಮೀ ಖಲೀಫರು ಹಬ್ಬದ ತಿನಿಸುಗಳನ್ನು ತಯಾರಿಸಿ ಹಂಚುವುದಕ್ಕೆಂದೇ ‘ದಾರ್ ಅಲ್ ಫಿತ್ರಾ’ ಎಂಬ ಪ್ರತ್ಯೇಕ ಶಾಲೆಯನ್ನು ನಡೆಸುತ್ತಿದ್ದರು. 1047ರಲ್ಲಿ ಕೈರೋಗೆ ಬಂದ ಪಾರಸಿಕ ಯಾತ್ರಿಕ ನಾಸಿರ್ ಖುಸ್ರೋ, ಅರಮನೆಯ ಹಬ್ಬದೌತಣಕ್ಕಾಗಿ ಸಕ್ಕರೆಯಿಂದಲೇ ನಿರ್ಮಿಸಿದ ಮರವನ್ನು ಬಣ್ಣಿಸಿದ್ದಾನೆ. ‘ತಿಂದು ಕೃತಜ್ಞನಾಗು’ ಎಂಬರ್ಥದ ಅಕ್ಷರಗಳನ್ನು ಕೆತ್ತಿದ ಹಳೆಯ ಅಚ್ಚುಗಳು ಕೈರೋದ ಇಸ್ಲಾಮೀ ಕಲಾ ವಸ್ತುಸಂಗ್ರಹಾಲಯದಲ್ಲಿವೆ. ಕಹಕ್ ಒಂದು ಮತಕ್ಕಷ್ಟೇ ಸೇರಿದ್ದಲ್ಲ. ಅಲ್ಲಿನ ಕಾಪ್ಟಿಕ್ ಕ್ರೈಸ್ತರು ಕ್ರಿಸ್ತಜಯಂತಿಗೂ ಈಸ್ಟರಿಗೂ ಇದನ್ನೇ ಬೇಯಿಸುತ್ತಾರೆ.

ಆದರೆ ಇಂದು ಈ ಸಂಪ್ರದಾಯದ ಮೇಲೆ ಎರಡು ಕಡೆಯಿಂದ ಒತ್ತಡ ಬಿದ್ದಿದೆ. ಉದ್ಯೋಗಕ್ಕೆ ಹೋಗುವ ಗೃಹಿಣಿಗೆ ರಾತ್ರಿಯೆಲ್ಲ ಕುಳಿತು ನೂರಾರು ಕಹಕ್ ಮಾಡುವ ವ್ಯವಧಾನವಿಲ್ಲ. ಅಂಗಡಿಯ ಚೆಂದದ ಪೆಟ್ಟಿಗೆಗಳು ಕೈಬೀಸಿ ಕರೆಯುತ್ತವೆ. ಇನ್ನೊಂದೆಡೆ ಬೆಲೆಯ ಏರಿಕೆ. ಈಜಿಪ್ಟು ಹೊರದೇಶಗಳ ಗೋದಿಯನ್ನು ಬಹಳವಾಗಿ ನೆಚ್ಚಿದ ನಾಡು. 2024ರ ಮಾರ್ಚಿಯಲ್ಲಿ ಡಾಲರಿಗೆ ಸುಮಾರು 31 ಪೌಂಡ್ ಇದ್ದ ವಿನಿಮಯ ದರ ಒಮ್ಮೆಗೇ 50ರ ಸಮೀಪಕ್ಕೆ ಜಾರಿತು. ಆ ವರ್ಷದ ಹಬ್ಬಕ್ಕೆ ಉಳಿದಿದ್ದುದು ಒಂದೇ ತಿಂಗಳು. ಇಂಥ ದಿನಗಳಲ್ಲಿ ಸಾಧಾರಣ ಸಂಸಾರಗಳು ಹಿಟ್ಟಿನ ಅಳತೆಯನ್ನು ಕುಗ್ಗಿಸುತ್ತವೆ. ತುಪ್ಪಕ್ಕೆ ಬದಲು ವನಸ್ಪತಿಯನ್ನು ಬಳಸುತ್ತವೆ.

ಅಂಗಡಿಯ ಕಹಕ್ ರುಚಿಯಲ್ಲಿ ಕಡಿಮೆಯಿರಲಾರದು. ಆದರೆ ಹಿರಿಯಳ ಅಂಗೈ ಬಲ್ಲ ಹದ ಪುಸ್ತಕದಲ್ಲಿ ಬರೆದಿಡುವಂಥದಲ್ಲ. ಪಕ್ಕದಲ್ಲಿ ಕುಳಿತು ಉಜ್ಜಿದ ಮೊಮ್ಮಗಳಿಗೆ ಮಾತ್ರ ಅದು ದಕ್ಕುತ್ತದೆ. ಒಂದು ತಲೆಮಾರು ಆ ಸಾಲಿನಿಂದೆದ್ದು ಹೋದರೆ ಮುಂದಿನದಕ್ಕೆ ಕಲಿಸುವವರಿಲ್ಲ. ಆದುದರಿಂದಲೇ ಎಷ್ಟೋ ಮನೆಗಳಲ್ಲಿ, ಹೆಚ್ಚಿನದನ್ನು ಕೊಂಡು ತಂದರೂ, ಒಂದೆರಡು ತಟ್ಟೆಯಷ್ಟನ್ನಾದರೂ ಮಕ್ಕಳೊಡನೆ ಕುಳಿತು ಮಾಡುತ್ತಾರೆ. ಈದ್ ಬೆಳಗಿನ ಪ್ರಾರ್ಥನೆ ಮುಗಿಸಿ ಬಂದವರಿಗೆ ಚಹದೊಡನೆ ಮೊದಲು ಬಡಿಸುವುದು ಅದನ್ನೇ.