ಪಟ್ಟಿಯ ಹೊರಗಿನ ಕೈಗಾ

ದೆಹಲಿಗೆ ಬಂದ ಹೊಸದರಲ್ಲಿ ನನ್ನಂಥ ಒಂಟಿ ಆಸಾಮಿಗೆ ಸಂಜೆ ಕಳೆಯಲು ಪುಕ್ಕಟೆ ಸಿಗುತ್ತಿದ್ದದ್ದು ಉಪನ್ಯಾಸಗಳು. ಇಂಡಿಯಾ ಇಂಟರ್‌ನ್ಯಾಷನಲ್ ಸೆಂಟರ್, ಹ್ಯಾಬಿಟಾಟ್ ಸೆಂಟರ್, ಸಪ್ರೂ ಹೌಸ್, ಎಲ್ಲಾದರೂ ಒಂದು ಕಡೆ ನಿವೃತ್ತ ರಾಯಭಾರಿಯೊಬ್ಬರು ಜಗತ್ತನ್ನು ಸರಿಪಡಿಸುತ್ತಲೇ ಇರುತ್ತಿದ್ದರು. ಮೊದಲು ಚಹಾ, ಬಿಸ್ಕತ್ತು. ಆಮೇಲೆ ಇರಾನ್, ಚೀನಾ. ನಿಜ ಹೇಳಬೇಕೆಂದರೆ ನಾನು ಹೋಗಲು ಶುರುಮಾಡಿದ್ದು ಚಹಾದ ಆಸೆಗೇ.

2006ರಲ್ಲಿ ಎಲ್ಲಿ ಹೋದರೂ ಅಮೆರಿಕದ ಜೊತೆಗಿನ ಅಣು ಒಪ್ಪಂದದ್ದೇ ಮಾತು. ಹಿಂದಿನ ವರ್ಷ ಜುಲೈ 18ರಂದು ಮನಮೋಹನ್ ಸಿಂಗ್ ಮತ್ತು ಬುಷ್ ಜಂಟಿ ಹೇಳಿಕೆ ಕೊಟ್ಟಿದ್ದರು. ಅದರ ಪ್ರಕಾರ ನಮ್ಮ ರಿಯಾಕ್ಟರುಗಳನ್ನು ನಾಗರಿಕ, ಮಿಲಿಟರಿ ಅಂತ ಬೇರೆ ಮಾಡಬೇಕಿತ್ತು. ಮಾರ್ಚ್‌ನಲ್ಲಿ ಪಟ್ಟಿ ಬಂತು. ಕಟ್ಟುತ್ತಿದ್ದವೂ ಸೇರಿ ಒಟ್ಟು 22. ಅದರಲ್ಲಿ 14 ಅಂತರರಾಷ್ಟ್ರೀಯ ತಪಾಸಣೆಗೆ, 8 ಅದರ ಹೊರಗೆ. ಒಂದು ಸಭೆಯಲ್ಲಿ ಆ ಎಂಟರ ಹೆಸರು ಪರದೆಯ ಮೇಲೆ ಮೂಡಿತು: ತಾರಾಪುರದ ಎರಡು, ಕಲ್ಪಾಕ್ಕಂನ ಎರಡು, ಉಳಿದ ನಾಲ್ಕೂ ಕೈಗಾದವು.

ಎದೆ ಧಸಕ್ಕೆಂದಿತು. ಕದ್ರಾ ಅಣೆಕಟ್ಟಿನ ಕೆಳಗೆ, ಕಾಳಿ ದಂಡೆಯ ಮೇಲೆ ನಮ್ಮ ಮನೆ. 1994ರಲ್ಲಿ ಕಟ್ಟುತ್ತಿದ್ದ ಸ್ಥಾವರದ ಗುಮ್ಮಟ ಕುಸಿದಾಗ ಊರಿಗೆ ಊರೇ ಅದೇ ಮಾತಾಡಿತ್ತು. ಕಾರಂತಜ್ಜ ಇದೇ ಕೈಗಾವನ್ನು ವಿರೋಧಿಸಿ, 1989ರಲ್ಲಿ ಲೋಕಸಭೆ ಚುನಾವಣೆಗೂ ನಿಂತು ಸೋತಿದ್ದರು. ಇಲ್ಲಿ ನೋಡಿದರೆ ಕೈಗಾ ಅನ್ನೋದು ಚೌಕಾಸಿಯಲ್ಲಿ ಭಾರತ ಉಳಿಸಿಕೊಂಡ ನಾಲ್ಕು ಕಾಯಿ. ಭಾಷಣಕಾರರು ಅದನ್ನು ಗೆಲುವು ಎಂದರು. ದೇಶದ ಲೆಕ್ಕದಲ್ಲಿ ಇರಬಹುದು, ಅದನ್ನು ನಾನೂ ಒಪ್ಪುತ್ತೇನೆ.

ಪ್ರಶ್ನೆಯ ವೇಳೆ ಕೈ ಎತ್ತಿದೆ. ಹೊರಗಿನ ತಪಾಸಣೆ ಇಲ್ಲದ ಸ್ಥಾವರದ ಪಕ್ಕದ ಜನ ತಮ್ಮ ಸುರಕ್ಷತೆಯನ್ನು ಯಾರಲ್ಲಿ ಕೇಳಬೇಕು ಅಂತ ಕೇಳುವವನಿದ್ದೆ. ಅಂತರರಾಷ್ಟ್ರೀಯ ತಪಾಸಣೆ ನೋಡುವುದು ಇಂಧನ ಬಾಂಬಿಗೆ ಹೋಗದ ಹಾಗೆ, ಸುರಕ್ಷತೆಯ ಉಸ್ತುವಾರಿ ಬೇರೆಯೇ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಕೇಳಿದ್ದರೆ ಅಷ್ಟಾದರೂ ತಿಳಿಯುತ್ತಿತ್ತು. ಮೈಕು ಕೈಗೆ ಬಂತು. ಸುತ್ತ ಖಾದಿ ಜಾಕೀಟುಗಳು, ರೇಷ್ಮೆ ಸೀರೆಗಳು. ನನ್ನ ಬಾಯಿಂದ ಹೊರಟದ್ದು ಯುರೇನಿಯಂ ಮಾರುವ ದೇಶಗಳ ಕೂಟದಲ್ಲಿ ಚೀನಾ ಏನು ಮಾಡೀತು ಅನ್ನುವ ಪ್ರಶ್ನೆ! ಅಧ್ಯಕ್ಷರು ಒಳ್ಳೆಯ ಪ್ರಶ್ನೆ ಎಂದರು. ಪಕ್ಕದವರು ವಿಸಿಟಿಂಗ್ ಕಾರ್ಡ್ ಕೊಟ್ಟರು. ಬಸ್ಸಿನಲ್ಲಿ ಅದನ್ನು ಹರಿದು ಹಾಕಿದೆ.

2018ರ ಡಿಸೆಂಬರ್‌ನಲ್ಲಿ, ಕೈಗಾಕ್ಕೆ ತಲಾ 700 ಮೆಗಾವ್ಯಾಟ್‌ನ ಇನ್ನೆರಡು ಘಟಕ ಸೇರಿಸುವ ಬಗ್ಗೆ ಅಲ್ಲೇ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ಅಣ್ಣ ಹೋಗಿದ್ದ. ರಾತ್ರಿ ಫೋನ್ ಮಾಡಿದೆ.

"ನೀ ಮಾತಾಡಿದ್ಯಾ?"

"ಹೂಂ. ಹೆಚ್ಚುಕಮ್ಮಿ ಆದ್ರೆ ನಾವು ಯಾವ ರಸ್ತೆ ಮೇಲೆ ಹೋಗೂದು ಅಂತ ಕೇಳ್ದೆ."

"ಏನಂದ್ರು?"

"ಬರ್ಕಂಡ್ರು" ಅಂದ. ಆಮೇಲೆ, "ದೆಹಲೀಲಿ ಚಳಿ ಹೆಂಗಿದೆಯೋ?" ಅಂತ ಕೇಳಿದ.